ಒಂದು ಕಾಲರಿಗೆ ಎಷ್ಟು ಹೊತ್ತು?

ಅಂಗಿ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಗಡಿಯಾರ ಎಂದೇ ಕರೆಯುತ್ತಿದ್ದರು. ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕೆಂದು ಅಳೆಯುವುದೇ ಅವಳ ಕೆಲಸ. ಒಂದು ಕಾಲರ್ ಹೊಲಿಯಲು ನಲವತ್ನಾಲ್ಕು ಸೆಕೆಂಡು ಎಂದು ಹಲಗೆಯ ಮೇಲೆ ಬರೆದವಳೂ ಅವಳೇ. ಅಷ್ಟರೊಳಗೆ ಮುಗಿಸಲಾಗದೆ ಕೆಲಸ ಕಳೆದುಕೊಳ್ಳಲಿದ್ದವರ ಪಟ್ಟಿ ಈಗ ಅವಳ ಸಹಿಗೆ ಕಾದಿತ್ತು. ಮೊದಲ ಹೆಸರು ಹಿಂದಿನ ಸಾಲಿನ ಅಕ್ಕನದು. ಅವಳಿಗೆ ಸೂಜಿ ಹಿಡಿಯಲು ಕಲಿಸಿದ್ದೇ ಆ ಅಕ್ಕ.

"ನಿನ್ನನ್ನ ಬೈಯಲ್ಲ ಕಣೇ," ಎಂದಳು ಅಕ್ಕ. "ಯಾರನ್ನ ನೋಡಿ ಅಳೆದೆ, ಅದೊಂದು ಹೇಳು."

"ಮುಂದಿನ ಸಾಲಿನ ಆರು ಜನರನ್ನ. ನನ್ನ ಸ್ಟೂಲ್ ಇರೋದು ಅಲ್ಲೇ ಅಲ್ವಾ?"

"ನೋಡೋಕೆ ಬಂದವರಿಗೆ ತೋರಿಸೋಕೆ ಅಂತ ಚುರುಕಿನವರನ್ನೇ ಆರಿಸಿ ಅಲ್ಲಿ ಕೂರಿಸಿರೋದು."

"ಅನ್ನ ಬೆಂದಿದೆಯಾ ನೋಡೋಕೆ ಒಂದಗುಳು ಸಾಕು ಅಂತಾರಲ್ಲಕ್ಕಾ?"

"ಸಾಕು. ಸೌಟು ಆಡಿಸಿದ ಮೇಲೆ."

ಆ ಮಾತು ಅವಳ ತಲೆಗೆ ಹುಳ ಬಿಟ್ಟಿತು. ಕಾಲರ್ ಹೊಲಿಯುವ ನಾನೂರು ಯಂತ್ರಗಳ ಸಂಖ್ಯೆಗಳನ್ನು ಚೀಟಿಗಳಲ್ಲಿ ಬರೆದು, ಗುಂಡಿ ಡಬ್ಬಿಗೆ ಹಾಕಿ ಕುಲುಕಿ, ಕಣ್ಣು ಮುಚ್ಚಿ ನಲವತ್ತು ಎತ್ತಿದಳು. ಬೆಳಕಿಲ್ಲದ ಮೂಲೆಯವರು, ಗೊರಗುಟ್ಟುವ ಹಳೇ ಯಂತ್ರದವರು, ಎಲ್ಲರೂ ಬಂದರು. ಅಳೆದಳು. ಸರಾಸರಿ ಐವತ್ತೆರಡು! ನಾಚಿಕೆಯಿಂದ ಅವಳ ಮುಖ ಕೆಂಪಾಯಿತು.

ಬೇರೆ ನಲವತ್ತು ಚೀಟಿ ಎತ್ತಿದ್ದರೆ? ಉತ್ತರ ಬದಲಾಗುತ್ತಿತ್ತು. ಆದರೆ ಎಷ್ಟು? ಅಳತೆಗಳು ಎಷ್ಟು ಚದುರಿವೆ ಎಂದು ನೋಡಿ ಲೆಕ್ಕ ಹಾಕಿದಳು. ಮೂರು ಸೆಕೆಂಡು ಆಚೆ ಈಚೆ.

"ನಲವತ್ತೊಂಬತ್ತರಿಂದ ಐವತ್ತೈದು ಅಂದ್ರೇನಮ್ಮ? ಒಂದೇ ಸಂಖ್ಯೆ ಹೇಳು," ಎಂದರು ಮ್ಯಾನೇಜರು. "ಮಾಲು ಯಾವತ್ತು ಕಳಿಸ್ತೀರಿ ಅಂತ ನನ್ನನ್ನೂ ಮೇಲಿನವರು ಕೇಳ್ತಾರೆ."

"ಒಂದೇ ಹೇಳಿ ಕೆಟ್ಟೆ ಸರ್. ಹೀಗೆ ನೂರು ಸಲ ಚೀಟಿ ಎತ್ತಿ ಗಡಿ ಹಾಕಿದ್ರೆ, ಸುಮಾರು ತೊಂಬತ್ತೈದು ಸಲ ನಾನೂರು ಜನರ ನಿಜವಾದ ಸರಾಸರಿ ಆ ಗಡಿಯೊಳಗೆ ಸಿಗುತ್ತೆ. ಉಳಿದ ಐದು ಸಲ ಎಡವಬಹುದು. ಆದ್ರೆ ನಲವತ್ನಾಲ್ಕು ಹತ್ತಿರಕ್ಕೂ ಬರಲ್ಲ. ಅದನ್ನ ನಂಬಿ ದಿನ ಕೊಟ್ರೆ ಮಾಲು ಹೇಗೂ ತಡವಾಗುತ್ತೆ."

ಮ್ಯಾನೇಜರು ಹಾಳೆಯಲ್ಲಿದ್ದ ನಲವತ್ತು ಅಳತೆಗಳ ಮೇಲೆ ಬೆರಳಾಡಿಸಿದರು. ಆಮೇಲೆ ಪಟ್ಟಿಯನ್ನು ಎರಡಾಗಿ ಹರಿದು, "ಹಲಗೆ ಒರೆಸು," ಎಂದರು.

ಅವಳು ಹಲಗೆ ಒರೆಸುತ್ತಿದ್ದಾಗ ಅಕ್ಕ ಬಂದು ನಕ್ಕಳು. "ನಂದು ಐವತ್ತೆಂಟು ಕಣೇ. ನಿನ್ನ ಗಡಿಯಿಂದಾಚೆ!"

"ಅದು ಸರಾಸರಿಯ ಗಡಿ ಅಕ್ಕಾ, ಒಬ್ಬೊಬ್ಬರದಲ್ಲ. ಆ ನಲವತ್ತರಲ್ಲಿ ಹನ್ನೊಂದು ಜನ ನಿನಗಿಂತ ನಿಧಾನ."

ಮರುದಿನದಿಂದ ಅವಳ ಸ್ಟೂಲಿಗೆ ಖಾಯಂ ಜಾಗವಿರಲಿಲ್ಲ. ಬೆಳಿಗ್ಗೆ ಬಂದೊಡನೆ ಅವಳು ಗುಂಡಿ ಡಬ್ಬಿ ಕುಲುಕುತ್ತಿದ್ದಳು. ಚೀಟಿ ಯಾವ ಯಂತ್ರ ತೋರಿಸುತ್ತದೋ, ಸ್ಟೂಲ್ ಹೊತ್ತು ಅಲ್ಲಿಗೇ ಹೋಗುತ್ತಿದ್ದಳು.