ಕಟ್ಟೆಗೆ ಕರೆಯದವಳು

ಸೈನ್ಯದಿಂದ ನಿವೃತ್ತನಾಗಿ ಮಾದಿಹಳ್ಳಿಗೆ ಬಂದ ಮೇಲೆ ನನ್ನ ಹೆಸರು ಆಫ್ರಿಕಾ ಲೋಕೇಶಣ್ಣ ಎಂದಾಯಿತು. ಎರಡು ಸಾವಿರದ ಇಸವಿಯಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಸಿಯೆರಾ ಲಿಯೋನ್‌ಗೆ ಹೋಗಿದ್ದೆನಲ್ಲ, ಅದನ್ನು ಹೇಳದೆ ನಾನು ಒಂದು ಲೋಟ ಕಾಫಿಯನ್ನೂ ಕುಡಿದವನಲ್ಲ. ಅಕ್ಕಪಕ್ಕದ ದೇಶಗಳವರು ಸೇರಿ ಅಲ್ಲಿನ ಸರ್ಕಾರಕ್ಕೂ ಬಂಡುಕೋರರಿಗೂ ರಾಜಿ ಮಾಡಿಸುತ್ತಿದ್ದರು, ಅದು ಮತ್ತೆ ಮತ್ತೆ ಮುರಿಯುತ್ತಿತ್ತು. ಅವರಿಗೆ ರಾಜಿ ಮಾಡಿಸೋಕೆ ಬರಲ್ಲ ಎಂದು ನಾನು ಇಲ್ಲಿ ಕೂತು ನಗುತ್ತಿದ್ದೆ. ಅಲ್ಲಿ ನನ್ನ ಜೊತೆಗೆ ಕಾವಲಿದ್ದ ನೈಜೀರಿಯಾದ ಸಾರ್ಜೆಂಟ್ ಒಮ್ಮೆ ಹೇಳಿದ್ದ: "ಬಂದೂಕು ಹಿಡಿದವರನ್ನು ಕರೆದು ಸಹಿ ಹಾಕಿಸುತ್ತೇವೆ. ಅವರಿಂದ ಕೈ ಕಡಿಸಿಕೊಂಡವರನ್ನು ಯಾರೂ ಕರೆಯುವುದಿಲ್ಲ." ಕೇಳಿಸಿಕೊಂಡಿದ್ದೆ, ಅಷ್ಟೇ.

ಎರಡು ಸಾವಿರದ ಮೂರರಲ್ಲಿ ಬದುವಿನ ವಿಷಯಕ್ಕೆ ನನ್ನಣ್ಣ ಲಕ್ಕಪ್ಪನಿಗೂ ಪಕ್ಕದ ಹೊಲದ ಕರಿಯಯ್ಯನಿಗೂ ಹೊಡೆದಾಟವಾಯಿತು. ಬಿಡಿಸಲು ಬಂದ ಕರಿಯಯ್ಯನ ಹೆಂಡತಿ ಮಾದಮ್ಮನ ಮೇಲೆ ಅಣ್ಣ ಗುದ್ದಲಿ ಕಾವು ಬೀಸಿದ. ಅವಳ ಬಲಗೈ ಮುರಿಯಿತು. ನಾನು ಕಣ್ಣಾರೆ ಕಂಡೆ.

ವಾರದೊಳಗೆ ನಾನೇ ಮುಂದೆ ನಿಂತು ಅರಳಿಕಟ್ಟೆಯಲ್ಲಿ ರಾಜಿ ಮಾಡಿಸಿದೆ. ಠಾಣೆಗೆ ಕೊಟ್ಟಿದ್ದ ದೂರು ವಾಪಸ್ಸಾಯಿತು, ಹಗ್ಗ ಹಿಡಿದು ಬದು ಅಳೆದಾಯಿತು, ಇಬ್ಬರೂ ಎಲೆ ಅಡಿಕೆ ಬದಲಾಯಿಸಿಕೊಂಡು ಒಂದೇ ಚೊಂಬಿನ ಮಜ್ಜಿಗೆ ಕುಡಿದರು. ಇನ್ನು ಮೇಲೆ ಹಳೆಯದನ್ನು ಯಾರೂ ಎತ್ತಬಾರದು ಎಂಬ ಷರತ್ತು ನನ್ನದೇ. ಊರೆಲ್ಲ ಹೊಗಳಿತು, ನಾನು ಉಬ್ಬಿಹೋದೆ.

ಮರುವಾರ ಕರಿಯಯ್ಯನ ಮನೆಗೆ ಹೋದಾಗ ಅವನೇ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಗಂಟುಗಂಟಾದ ಮುದ್ದೆ ತಿರುವುತ್ತಿದ್ದ. ಮಾದಮ್ಮ ಕಟ್ಟು ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದಳು.

"ಲೋಕೇಶಣ್ಣ, ಕಟ್ಟೆಗೆ ನನ್ನ ಯಾಕೆ ಕರೀಲಿಲ್ಲ?"

"ಹೆಂಗಸ್ರು ಕಟ್ಟೆ ಹತ್ತೋ ಪದ್ಧತಿ ಇಲ್ವಲ್ಲಮ್ಮ."

"ಹೊಡೆಯೋವಾಗ ಹೆಂಗಸು ಅಂತ ನೋಡ್ಲಿಲ್ವಲ್ಲ."

ನಾಚಿಕೆಯಿಂದ ಹಿಡಿಯಾದೆ. ಕೈ ಮುರಿದವಳನ್ನೇ ಬಿಟ್ಟು ಶಾಂತಿ ಮಾಡಿಸಿದ್ದೆ. ನೇರ ಅಣ್ಣನ ಬಳಿ ಹೋಗಿ, ಅವಳ ಮನೆಗೆ ಬಂದು ತಪ್ಪಾಯಿತು ಅನ್ನು ಎಂದು ಬೇಡಿಕೊಂಡೆ. ಅವನು ಊಟದ ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ.

"ಏನ್ಲಾ, ಹಳೇದು ಎತ್ತಬ್ಯಾಡಿ ಅಂದೋನು ನೀನೇ ತಾನೇ?"

ಸೋಮವಾರ ಬೆಳಿಗ್ಗೆ ಮಾದಮ್ಮ ಬಸ್ ಸ್ಟಾಪಿನಲ್ಲಿ ಒಬ್ಬಳೇ ನಿಂತಿದ್ದಳು. ಮತ್ತೆ ದೂರು ಕೊಡಲು ಬೇಲೂರಿಗೆ ಹೊರಟಿದ್ದಳು.

"ಮಜ್ಜಿಗೆ ಕುಡಿದು ಮಾತು ಕೊಟ್ಟಿವ್ನಿ, ನಾ ಬರಕಿಲ್ಲ ಅಂತಾನೆ ನನ್ ಗಂಡ. ನೀವು ನೋಡಿದ್ರಲ್ಲಣ್ಣ. ಸಾಕ್ಷಿ ಹೇಳೋಕೆ ಬತ್ತೀರಾ?"

ಅಣ್ಣನ ಮುಖ ಕಣ್ಣ ಮುಂದೆ ಬಂತು. ಊರವರ ಹೊಗಳಿಕೆಯೂ ಬಂತು, ಸುಳ್ಳೇಕೆ ಹೇಳಲಿ.

"ರಾಜಿ ಮುರಿದುಹೋಗುತ್ತೆ ಕಣಮ್ಮ" ಎಂದೆ.

"ಅದು ನಿಮ್ ರಾಜಿ. ನಂದು ಇನ್ನೂ ಆಗಿಲ್ಲ."

ಬಸ್ಸು ಬಂತು. ಅವಳು ಎಡಗೈಯಲ್ಲಿ ಕಂಬಿ ಹಿಡಿದು, ಎರಡು ಸಲ ತಡವರಿಸಿ ಹತ್ತಿದಳು. ಕಂಡಕ್ಟರ್ ನನ್ನ ಕಡೆ ನೋಡಿ, "ಬರ್ತೀರಾ ಸಾರ್?" ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿದೆ.