ಹೊಸ್ತಿಲು ದಾಟದ ಹಾಲು

ಮೇ ತಿಂಗಳ ಮೊದಲ ಬೆಳಗು. ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡು, ಖಾಲಿ ಕ್ಯಾನು ಹಿಡಿದು ಗೊಬ್ನೆಟ್ ಮುದುಕಿಯ ಅಂಗಳಕ್ಕೆ ಬಂದ ಡೀಲಿಯಾ ಅಲ್ಲೇ ನಿಂತುಬಿಟ್ಟಳು. ಹೊಸ್ತಿಲ ಮೇಲೆ ಹಳದಿ ಹೂ ಚೆಲ್ಲಿತ್ತು. ಕೊಟ್ಟಿಗೆಯ ಹಸುವಿನ ಬಾಲಕ್ಕೆ ಕೆಂಪು ದಾರ ಕಟ್ಟಿತ್ತು. ಇವತ್ತು ಯಾವ ದಿನವೆಂದು ಅವಳಿಗೆ ಆಗ ನೆನಪಾಯಿತು.

ಇವತ್ತು ಈ ಸೀಮೆಯಲ್ಲಿ ಯಾರೂ ಹಾಲನ್ನು ಹೊರಗೆ ಕೊಡುವುದಿಲ್ಲ. ಕೊಟ್ಟರೆ ವರ್ಷದ ಬೆಣ್ಣೆಯೆಲ್ಲ ಅದರ ಹಿಂದೆಯೇ ಹೋಗುತ್ತದೆ. ಕೇಳಲು ಬಂದವಳನ್ನು ಬೆಣ್ಣೆಗಳ್ಳಿಯಂತೆ ನೋಡುತ್ತಾರೆ. ಹಾಗಾಗಿ ಎಲ್ಲರೂ ಹಿಂದಿನ ದಿನವೇ ಎರಡು ಪಾಲು ಒಯ್ದಿಟ್ಟುಕೊಳ್ಳುತ್ತಾರೆ. ಜ್ವರದಲ್ಲಿ ಮಲಗಿದ್ದ ಡೀಲಿಯಾಗೆ ದಿನದ ಲೆಕ್ಕವೇ ತಪ್ಪಿತ್ತು. ಆ ಜ್ವರಕ್ಕೆ ಎದೆಹಾಲು ಬತ್ತಿದ ಮೇಲೆ ಮಗು ಫಿಂಟನ್ ಬದುಕಿದ್ದೇ ಗೊಬ್ನೆಟ್ ಮನೆಯ ಹಾಲಿನಲ್ಲಿ. ಅಂಥವರ ಬೆಣ್ಣೆಯ ಭಾಗ್ಯಕ್ಕೆ ಹೇಗೆ ಕುತ್ತು ತರುವುದು?

ಅವಳು ಮೆಲ್ಲಗೆ ಹಿಂದಕ್ಕೆ ತಿರುಗಿದಳು. ಆದರೆ ಹಸಿದ ಫಿಂಟನ್ ಸುಮ್ಮನಿರಬೇಕಲ್ಲ, ಊರಿಗೇ ಕೇಳುವಂತೆ ಕಿರುಚಿದ.

ಗೊಬ್ನೆಟ್ ಬಾಗಿಲಿಗೆ ಬಂದಳು. ಕ್ಯಾನು ನೋಡಿದಳು, ಮಗುವನ್ನು ನೋಡಿದಳು.

"ಇವತ್ತು ನಮ್ಮನೆ ಹಾಲು ಹೊಸ್ತಿಲು ದಾಟಲ್ಲ ಕಣೇ," ಎಂದಳು.

"ಗೊತ್ತು, ಅವ್ವಾ. ಮರೆತೇಹೋಗಿತ್ತು. ಹೋಗ್ತೀನಿ."

"ಎಲ್ಲಿಗೆ ಹೋಗ್ತೀಯ? ಹಾಲು ದಾಟಬಾರದು ಅಂದೆ, ಮಗು ದಾಟಬಾರದು ಅಂದ್ನಾ? ಆ ಕ್ಯಾನು ಗೋಡೆ ಹತ್ರ ಇಟ್ಟು ಒಳಗ್ ಬಾ."

ಒಳಗೆ ಗೊಬ್ನೆಟ್ ಬೆಣ್ಣೆ ಕಡೆಯುವುದನ್ನು ಅರ್ಧಕ್ಕೇ ಬಿಟ್ಟು ಬಂದಿದ್ದಳು. ಕಡೆಯುವ ಹೊತ್ತಿಗೆ ಬಂದವರು ಕಡೆಗೋಲಿಗೆ ಕೈಹಾಕಲೇಬೇಕು, ಇಲ್ಲದಿದ್ದರೆ ಬೆಣ್ಣೆ ಬರುವುದಿಲ್ಲ. ಗೊಬ್ನೆಟ್ ಮಗುವನ್ನು ತಾನೇ ಎತ್ತಿಕೊಂಡು ಒಲೆಯ ಬಳಿ ಕುಳಿತಳು. ಬೆಚ್ಚಗಿನ ಹಾಲನ್ನು ಚಮಚದಲ್ಲಿ ಕುಡಿಸುತ್ತ, ಕುಡಿಯೋದರಲ್ಲಿ ಇವನೊಬ್ಬನೇ ಎರಡು ಕರುಗಳಿಗೆ ಸಮ ಎಂದು ನಕ್ಕಳು.

ಡೀಲಿಯಾ ಕಡೆಗೋಲು ಹಿಡಿದಳು. ಜ್ವರ ಬಿಟ್ಟ ತೋಳಿಗೆ ಇನ್ನೂ ಬಲ ಬಂದಿರಲಿಲ್ಲ. ಬೆಣ್ಣೆ ಬಾರದೆ ಹೋದರೆ ತನ್ನ ತಲೆಗೇ ಬಂತು ಎಂಬ ಅಳುಕು ಬೇರೆ. ಒಳಗೇ ದೇವರನ್ನು ನೆನೆಯುತ್ತ ಕಡೆದಳು. ಕೋಲಿನ ಸದ್ದು ದಪ್ಪವಾಗುತ್ತ ಬಂತು. ಕಡೆಯುವ ಪೀಪಾಯಿಯ ಮುಚ್ಚಳ ತೆಗೆದು ನೋಡಿದರೆ ಹಳದಿ ಬೆಣ್ಣೆ ಕಾಳು ಕಾಳಾಗಿ ತೇಲುತ್ತಿತ್ತು.

"ನೋಡು, ತಗೊಂಡು ಹೋಗೋಕೆ ಬಂದೋಳು ತಂದುಕೊಟ್ಟೆ," ಎಂದಳು ಗೊಬ್ನೆಟ್. "ಸಂಜೆ ಮತ್ತೆ ಬಾ. ಕ್ಯಾನು ಮಾತ್ರ ಮನೇಲೇ ಬಿಟ್ಟು ಬಾ."

ಡೀಲಿಯಾ ನಿದ್ದೆಹೋದ ಮಗುವನ್ನೆತ್ತಿಕೊಂಡು ಕೊಟ್ಟಿಗೆಗೆ ಹೋದಳು. ಹಸುವಿನ ಬೆಚ್ಚಗಿನ ಕತ್ತಿಗೆ ಹಣೆಯೊತ್ತಿ, "ದೇವರು ನಿನ್ನ ಚೆನ್ನಾಗಿಟ್ಟಿರಲಿ, ತಾಯಿ," ಎಂದಳು. ಆಮೇಲೆ ಖಾಲಿ ಕ್ಯಾನು ಬೆರಳಿಗೆ ಸಿಕ್ಕಿಸಿಕೊಂಡು ಮನೆಯ ದಾರಿ ಹಿಡಿದಳು.