ಮೂಕಮ್ಮನ ಮುಷ್ಟಿ

ಉಮಾಮಹೇಶ್ವರನಂಥ ಮುಂದಾಳು ನನ್ನ ಶತ್ರುವಿಗೂ ಬೇಡ. ಶಿಕಾರಿಪುರದಿಂದ ಹೊರಟ ನಾಲ್ಕು ದಿನದ ಸೈಕಲ್ ಸವಾರಿಗೆ ಅವನದು ಒಂದೇ ಕಟ್ಟಳೆ: ಏರಿನಲ್ಲಿ ಇಳಿದು ತಳ್ಳುವಂತಿಲ್ಲ, ಇಳಿಜಾರಿನಲ್ಲಿ ಅಂಜುವಂತಿಲ್ಲ. ಕಾಲು ಊರಿದವರನ್ನು "ಬಸ್ ಹತ್ತಿಸ್ಲಾ?" ಎಂದು ಚುಚ್ಚುತ್ತಿದ್ದ. ಇದ್ದದ್ದು ನಾಲ್ವರು. ಅಡಿಕೆ ತೋಟದ ಒಡೆಯ ಉಮಾಮಹೇಶ್ವರ, ಕಾಲೇಜು ಓದುವ ಅವನ ಮಗ ಚಿನ್ಮಯ, ಬ್ಯಾಂಕಿನ ಹೇಮಂತ್, ಮತ್ತೆ ಹೈಸ್ಕೂಲಿನ ಪಿ.ಟಿ. ಟೀಚರ್ ಶ್ರೀಲತಾ, ಅಂದರೆ ನಾನು. ಉಡುತಡಿ ದಾಟುವಾಗ ಹಾಡು ಹೇಳಿಕೊಂಡು ಹೋದವರು ಸೊರಬದ ಗುಡ್ಡಗಳು ಶುರುವಾದ ಮೇಲೆ ನೀರು ಕೇಳಲೂ ಬಾಯಿ ತೆರೆಯಲಿಲ್ಲ. ತೊಡೆ ಕಲ್ಲಾಗಿತ್ತು, ಕೂರುವ ಜಾಗ ಹುಣ್ಣಾಗಿತ್ತು.

ಶಿರಾಳಕೊಪ್ಪದಲ್ಲೇ ಚಿನ್ಮಯ ಹೇಳಿದ್ದ. "ಅಪ್ಪಾ, ಬ್ರೇಕ್ ರಬ್ಬರ್ ಸವೆದುಹೋಗಿದೆ. ಅಂಗಡಿ ಇಲ್ಲೇ ಇದೆ, ಹಾಕಿಸ್ಕೊಂಡು ಬರ್ತೀನಿ."

ಉಮಾಮಹೇಶ್ವರ ಎಲ್ಲರೆದುರು ನಕ್ಕ. "ಬ್ರೇಕು ಬೇಕಾಗಿರೋದು ಪುಕ್ಕಲರಿಗೆ ಕಣೋ. ಹತ್ತು."

ಮಗ ಹತ್ತಿದ. ಆ ಅಪ್ಪನ ಮುಂದೆ ಇಲ್ಲ ಅಂದವರನ್ನು ನಾನು ಕಂಡಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹೊಸಬಾಳೆ ಕಡೆಯ ಇಳಿಜಾರು. ಕೆಳಗಿನ ತಿರುವಿನಲ್ಲಿ ಡಾಂಬರಿನ ಮೇಲೆ ಹುರುಳಿ ಗಿಡ ಹಾಸಿದ್ದರು. ನಮ್ಮ ಕಡೆ ಇದೇನು ಹೊಸದಲ್ಲ. ಕಣ ಮಾಡುವ ಕೆಲಸ ಉಳಿಯುತ್ತದೆ, ಬಸ್ಸು ಲಾರಿಗಳೇ ಮೇಲೆ ಹಾದು ಕಾಳು ಬಿಡಿಸಿಕೊಡುತ್ತವೆ. ಅಂಚಿಗೆ ಕಲ್ಲು ಸಾಲಿಟ್ಟು, ಆಚೆಗೊಂದು ಈಚೆಗೊಂದು ಸೊಪ್ಪಿನ ಕೊಂಬೆ ನಿಲ್ಲಿಸಿದರೆ ಎಚ್ಚರಿಕೆ ಕೊಟ್ಟ ಹಾಗೆ. ದೊಡ್ಡ ಗಾಡಿಗಳಿಗೆ ಏನೂ ಆಗುವುದಿಲ್ಲ. ಬೆರಳಗಲದ ನಮ್ಮ ಟೈರಿಗೆ ಮಾತ್ರ ಹುರುಳಿಕಾಳು ಅಂದರೆ ಎಣ್ಣೆ ಚೆಲ್ಲಿದ ಹಾಗೆಯೇ.

ಮುಂದಿದ್ದ ಚಿನ್ಮಯ ಬ್ರೇಕ್ ಹಿಡಿದ. ಸೈಕಲ್ಲು ಕಿರುಚಿತೇ ಹೊರತು ನಿಲ್ಲಲಿಲ್ಲ. ಅವನು ಬಿದ್ದ, ಅವನ ಮೇಲೆ ನಾನು ಬಿದ್ದೆ. ಎದ್ದಾಗ ನನ್ನ ಎರಡೂ ಮಣಿಕಟ್ಟು ಮುರಿದು ಜೋತಾಡುತ್ತಿದ್ದವು. ಚಿನ್ಮಯನ ತೊಡೆಸಂದಿಗೆ ಹ್ಯಾಂಡಲ್ಲಿನ ತುದಿ ಹೊಕ್ಕು ಸೀಳಿತ್ತು. ರಕ್ತ ಹರಿಯುತ್ತಿರಲಿಲ್ಲ, ಚಿಮ್ಮುತ್ತಿತ್ತು.

ಪ್ರಥಮ ಚಿಕಿತ್ಸೆ ಕಲಿತವಳು ನಾನು, ಆದರೆ ಕೈಯಿಲ್ಲದೆ ಏನು ಮಾಡಲಿ? ಹುರುಳಿ ತಿರುವಿಹಾಕುತ್ತಿದ್ದ ಮುದುಕಿ ಓಡಿಬಂದಳು. ಮೂಕಮ್ಮ ಎಂದು ಆಮೇಲೆ ತಿಳಿಯಿತು. "ಮುಷ್ಟಿ ಇಲ್ಲಿಟ್ಟು ಮೈಭಾರ ಬಿಡಿ ಅಮ್ಮಾ. ತೆಗೆದ್ರೆ ಹುಡುಗ ಹೋಗ್ತಾನೆ" ಎಂದೆ. ಅವಳು ಸೆರಗನ್ನು ಗಾಯಕ್ಕೆ ತುರುಕಿ, ಮುಷ್ಟಿಯೂರಿ ಅವನ ಮೇಲೆ ಬಗ್ಗಿದಳು. ಚಿಮ್ಮುವುದು ನಿಂತಿತು. ಆಗಷ್ಟೇ ಬಂದು ತಲುಪಿದ ಹೇಮಂತ್ ಗಾಡಿ ತರಲು ಊರೊಳಗೆ ಓಡಿದ.

ಅಷ್ಟರಲ್ಲಿ ಹಿಂದಿದ್ದ ಉಮಾಮಹೇಶ್ವರ ಬಂದ. ಮಗನನ್ನು ನೋಡಿದ, ಹುರುಳಿಯನ್ನು ನೋಡಿದ, ಗಿಡ ಕೆದಕುವ ಕವೆಗೋಲು ಹಿಡಿದು ಧಾವಿಸಿ ಬರುತ್ತಿದ್ದ ಮೂಕಮ್ಮನ ಗಂಡ ಹುಚ್ಚರಾಯಪ್ಪನನ್ನು ನೋಡಿದ. ಆ ಕೋಲನ್ನೇ ಕಿತ್ತುಕೊಂಡ.

"ರಸ್ತೆ ನಿಮ್ಮಪ್ಪಂದೇನೋ?"

"ಸ್ವಾಮಿ, ಕೊಂಬೆ ನಿಲ್ಸಿದ್ವಿ..."

ಮೊದಲ ಏಟು ಬಾಯಿಗೇ ಬಿತ್ತು. ಹಲ್ಲು ರಸ್ತೆಗೆ ಉದುರಿದವು. ಎರಡನೆಯದಕ್ಕೆ ಮುದುಕ ಮಂಡಿಯೂರಿದ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಇಲ್ಲಿ ಅವನಿಗೆ ಕೋಪ ತನ್ನ ಮೇಲೆಯೇ ಇತ್ತು. ಪ್ರತಿ ಏಟಿಗೂ "ಬ್ರೇಕು! ಬ್ರೇಕು!" ಎಂದು ಒದರುತ್ತಿದ್ದ. ನಾನು ಹೆಗಲಿನಿಂದ ಗುದ್ದಿದೆ. ಹೊಟ್ಟೆಗೆ ಒದ್ದು ಕೆಡವಿದ.

"ಏಯ್!" ಮೂಕಮ್ಮ ಕೂಗಿದಳು. "ನಿನ್ ಮಗನ ಜೀವ ನನ್ ಕೈಯಾಗೈತೆ. ಇನ್ನೊಂದು ಏಟು ಬಿದ್ರೆ ಕೈ ತೆಗೀತೀನಿ!"

ಅವನಿಗೆ ಕೇಳಿಸಿತು. ಅವಳ ಕಡೆ ತಿರುಗಿಯೂ ನೋಡಿದ. ಆದರೂ ಹೊಡೆದ. ಹುಚ್ಚರಾಯಪ್ಪನ ತಲೆ ಅಂಚಿನ ಕಲ್ಲಿಗೆ ಅಪ್ಪಳಿಸಿತು. ತೆಂಗಿನಕಾಯಿ ಒಡೆದಂಥ ಸದ್ದು.

ಮೂಕಮ್ಮನ ಮುಷ್ಟಿ ಕದಲಲಿಲ್ಲ.

ಹೇಮಂತ್ ತಂದ ಲಗೇಜ್ ಆಟೋದಲ್ಲಿ ಇಬ್ಬರನ್ನೂ ಮಲಗಿಸಿದರು. ಮೂಕಮ್ಮ ಹುಡುಗನ ಮೇಲೆ ಬಗ್ಗಿಯೇ ಇದ್ದಳು, ಗಂಡನ ಕಡೆಗೆ ಅವಳ ಬೆನ್ನು. ಹುಚ್ಚರಾಯಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ಉಮಾಮಹೇಶ್ವರ ಮೂಲೆಯಲ್ಲಿ ಕೂತಿದ್ದ.

"ತಂಗಿ, ನಮ್ಮವ್ರು ಹೆಂಗದಾರೆ?"

"ಉಸಿರಾಡ್ತಿದಾರೆ ಅಮ್ಮಾ." ಆಗ ಅದು ನಿಜವಿತ್ತು. ದಾರಿಯ ಹೊಳೆ ಇನ್ನೂ ಮುಂದಿರುವಾಗಲೇ ಮುದುಕನ ಗಂಟಲಿನ ಗೊರಗೊರ ಸದ್ದು ನಿಂತಿತು. ಕಣ್ಣು ತೆರೆದೇ ಇದ್ದವು.

ಅವಳು ಮತ್ತೆ ಕೇಳಿದಳು. ನಿಜ ಹೇಳಿದರೆ ಕೈ ತೆಗೆಯುತ್ತಾಳೆ. ತೆಗೆದರೆ ಅವಳನ್ನು ತಪ್ಪು ಅನ್ನಲು ಯಾರಿಗೆ ಬಾಯಿದೆ? ಉಮಾಮಹೇಶ್ವರನಿಗೂ ಗೊತ್ತಾಗಿತ್ತು. ಹೇಳಬೇಡ ಎಂದು ನನಗೆ ಕೈ ಮುಗಿದ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಚಿನ್ಮಯನ ಬಿಳಿಚಿದ ತುಟಿ ನೋಡಿದೆ.

"ಉಸಿರಾಡ್ತಿದಾರೆ. ಕೈ ತೆಗೀಬೇಡಿ."

ಅವಳು ಮತ್ತೆ ಕೇಳಲಿಲ್ಲ.

ಸೊರಬದ ಆಸ್ಪತ್ರೆಯಲ್ಲಿ ಡಾಕ್ಟರು ರಕ್ತನಾಳಕ್ಕೆ ಇಕ್ಕಳ ಹಾಕಿದ ಮೇಲೆ "ಇನ್ನು ಬಿಡಿ ಅಜ್ಜಿ, ಬದುಕ್ತಾನೆ" ಎಂದರು. ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಮೂಕಮ್ಮ ಅದನ್ನು ಹಾಗೆಯೇ ಎತ್ತಿ ಹಿಡಿದು ಹೊರಗೆ ಬಂದಳು. ಉಮಾಮಹೇಶ್ವರ ಅವಳ ಕಾಲಿಗೆ ಬಿದ್ದ. ಕಾಲು ಹಿಂದೆಳೆದುಕೊಂಡಳು.

"ಅಮ್ಮಾ, ನಾನು ಸುಳ್ಳು..." ಎಂದೆ.

"ಗೊತ್ತಾತು ತಂಗಿ. ಅವರ ಕಾಲು ನನ್ ಬೆನ್ನಿಗೆ ತಾಗಿತ್ತು. ನಡುಗ್ತಿತ್ತು. ಹೊಳೆ ದಾಟೋಕ್ ಮುಂಚೇನೇ ನಿಂತೋತು."

ನೆಲದ ಮೇಲಿದ್ದ ಉಮಾಮಹೇಶ್ವರ ತಲೆ ಎತ್ತಿದ. ಅವಳು ಅವನನ್ನು ನೋಡಲೂ ಇಲ್ಲ. ಹುಚ್ಚರಾಯಪ್ಪನನ್ನು ಇನ್ನೂ ಇಳಿಸಿರದ ಆಟೋ ಹತ್ತಿ, ಎಡಗೈಯಲ್ಲಿ ಗಂಡನ ಕಣ್ಣು ಮುಚ್ಚಿದಳು.